ಇಲಿಯ ಉದ್ದೇಶ

ಮುಂಬಯಿಯ ಪ್ರತಿಯೊಂದು ಹೌಸಿಂಗ್ ಸೊಸೈಟಿಯಲ್ಲೂ ಒಬ್ಬ ಕ್ಲೇಮು ರಾಯರು ಇರುತ್ತಾರೆ. ರಾಯರೇ ಆಗಬೇಕೆಂದಿಲ್ಲ. ಮಾಟುಂಗದಲ್ಲಿ ಅಯ್ಯರ್ ಆಗಿರಬಹುದು, ದಾದರಿನಲ್ಲಿ ಜೋಶಿ, ಘಾಟ್‌ಕೋಪರಿನಲ್ಲಿ ಶಹಾ. ಗುರುತು ಮಾತ್ರ ಒಂದೇ. ಕಾರಿನ ಪಾಲಿಸಿ ಬಂದ ದಿನ ನಾವೆಲ್ಲ ಅದನ್ನು ಗ್ಲೋವ್ ಬಾಕ್ಸಿಗೆ ತುರುಕಿ ಮರೆಯುತ್ತೇವೆ. ಟ್ರಾಫಿಕ್ ಹವಾಲ್ದಾರ ಕೈ ಅಡ್ಡ ಹಿಡಿದಾಗಲೇ ಅದಕ್ಕೆ ಮತ್ತೆ ಬೆಳಕು. ಇವರು ಅದನ್ನು ಓದುತ್ತಾರೆ. ಕನ್ನಡಕ ಏರಿಸಿ, ಕೆಂಪು ಪೆನ್ನಿನಿಂದ ಅಡಿಗೆರೆ ಎಳೆಯುತ್ತ, ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತ, ಕೊನೆಯ ಪುಟದ ಇರುವೆಸಾಲು ಅಕ್ಷರಗಳ ತನಕ.

ನಮ್ಮ ಮುಲುಂಡಿನ ರಾಯರು ಉಡುಪಿ ಕಡೆಯವರು. ಹದಿನಾಲ್ಕರಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಬ್ಯಾಂಕು ಸೇರಿ, ಇನ್‌ಸ್ಪೆಕ್ಷನ್ ವಿಭಾಗದಲ್ಲಿ ನಿವೃತ್ತರಾದವರು. ಈ ನಗರವನ್ನು ಹಾಗೆ ಏರಿದ ತಲೆಮಾರೇ ಒಂದಿತ್ತು. ಒಂದು ಪ್ಲೇಟ್ ಇಡ್ಲಿಗೆ ಎಷ್ಟು ಚಟ್ನಿ ಎಂಬ ಲೆಕ್ಕದಿಂದ ಬದುಕು ಶುರುಮಾಡಿದವರಿಗೆ, ಬರಬೇಕಾದ ಒಂದು ರೂಪಾಯಿ ಬಾರದಿದ್ದರೆ ಅದು ಒಂದು ರೂಪಾಯಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮೈಸೂರು ಅಸೋಸಿಯೇಶನ್ನಿನಲ್ಲಿ ಉಪನ್ಯಾಸವಿದ್ದರೂ ರಾಯರ ಕಂಕುಳಲ್ಲಿ ಕ್ಲೇಮಿನ ಫೈಲು ಇರುತ್ತದೆ. ಭಾಷಣಕಾರರು ನೀರು ಕುಡಿಯುವ ಹೊತ್ತಿನಲ್ಲಿ ಪಕ್ಕದವರಿಗೆ ಒಂದು ಕಾಗದ ತೋರಿಸಿಬಿಡುತ್ತಾರೆ.

ರಾಯರ ಕೀರ್ತಿ ಶುರುವಾದದ್ದು 2005ರ ಜುಲೈ 26ರಂದು. ಅಂದು ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು, ಮೀಠೀ ನದಿ ಉಕ್ಕಿತು, ಉಪನಗರಗಳ ರಸ್ತೆಗಳಲ್ಲಿ ಕಾರುಗಳು ತೇಲಿದವು. ರಾಯರು ಕುರ್ಲಾದಲ್ಲಿ ತಮ್ಮ ಮಾರುತಿ 800ನ್ನು ಬಿಟ್ಟು, ಎದೆಮಟ್ಟದ ನೀರಿನಲ್ಲಿ ಮುಲುಂಡಿಗೆ ನಡೆದು ಬಂದರು. ಸೊಸೈಟಿಯ ಇನ್ನೊಬ್ಬರ ಕಾರೂ ಅಲ್ಲೇ ಮುಳುಗಿತ್ತು. ನೀರಿಳಿದ ಮೇಲೆ ಆತ ಹೋಗಿ ಉತ್ಸಾಹದಿಂದ ಕೀಲಿ ತಿರುಗಿಸಿದ. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದಾಗ ಪಿಸ್ಟನ್ ಮೇಲೆ ಬಂದರೆ ಬಾಗುವುದು ಕನೆಕ್ಟಿಂಗ್ ರಾಡ್. ವಿಮಾ ಕಂಪನಿ ಹೇಳಿತು: ಇದು ಪ್ರವಾಹ ಮಾಡಿದ ನಷ್ಟವಲ್ಲ, ನೀವು ಕೀಲಿ ತಿರುಗಿಸಿದ್ದರಿಂದ ಆದ ನಷ್ಟ, ಇದಕ್ಕೆ ಪರಿಹಾರವಿಲ್ಲ. ರಾಯರು ಮಾತ್ರ ಕೀಲಿಯನ್ನು ಮುಟ್ಟಿರಲಿಲ್ಲ. ಟೋಯಿಂಗ್ ಮಾಡಿಸಿ, ಫೋಟೊ ತೆಗೆಸಿ, ಪೂರ್ತಿ ಹಣ ವಸೂಲು ಮಾಡಿದರು. ಅಂದಿನಿಂದ ಸೊಸೈಟಿಯಲ್ಲಿ ಮಿಕ್ಸರ್ ಕೆಟ್ಟರೂ ಜನ ಮೊದಲು ರಾಯರನ್ನು ಕೇಳಿಯೇ ಸ್ವಿಚ್ಚು ಮುಟ್ಟುವುದು.

ಈಗಿನ ಕಾರಿಗೆ ಆರು ವರ್ಷ. ಬೇಸ್ ಮಾಡೆಲ್, ಅಲಾರಂ ಇರಲಿಲ್ಲ. ಒಪೇರಾ ಹೌಸ್ ಕಡೆಯ ಅಂಗಡಿಯಲ್ಲಿ 6,000 ರೂಪಾಯಿ ಕೊಟ್ಟು ರಾಯರೇ ಹಾಕಿಸಿದರು. ಫ್ಯಾಕ್ಟರಿಯಿಂದಲೇ ಬಂದ ಅಲಾರಮ್ಮಿನ ಬೆಲೆ ಕಾರಿನ ಬೆಲೆಯಲ್ಲೇ ಸೇರಿರುತ್ತದೆ. ಹೊರಗೆ ಹಾಕಿಸಿದ್ದನ್ನು ಬೇರೆಯಾಗಿ ಘೋಷಿಸಿ, ಮೌಲ್ಯದ ಶೇಕಡಾ 4ರಷ್ಟು ಹೆಚ್ಚುವರಿ ಪ್ರೀಮಿಯಂ ಕಟ್ಟದಿದ್ದರೆ ಅದು ವಿಮೆಯ ಕಣ್ಣಿಗೆ ಕಾಣುವುದೇ ಇಲ್ಲ. ಇದು ಸಾವಿರದಲ್ಲಿ ಒಬ್ಬ ಕಾರು ಮಾಲೀಕನಿಗೂ ಗೊತ್ತಿದ್ದಂತಿಲ್ಲ. ರಾಯರಿಗೆ ಗೊತ್ತಿತ್ತು, 240 ರೂಪಾಯಿ ಕಟ್ಟಿ ರಸೀದಿ ಲ್ಯಾಮಿನೇಟ್ ಮಾಡಿಸಿದ್ದರು. ಕಳ್ಳರನ್ನು ತಡೆಯುವ ಸಾಧನವಿದ್ದರೆ ಶೇ. 2.5 ರಿಯಾಯಿತಿಯೂ ಉಂಟು, ಆದರೆ ಸಾಧನಕ್ಕೆ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐಯ ಮಾನ್ಯತೆ ಬೇಕು. ಆ ಪ್ರಮಾಣಪತ್ರ ಕೇಳಿದ್ದಕ್ಕೆ ಅಂಗಡಿಯವನು ಒಂದು ಕ್ಯಾಲೆಂಡರ್ ಕೊಟ್ಟು ಕಳಿಸಿದ. ಆಟೊಮೊಬೈಲ್ ಸಂಘದ ಸದಸ್ಯರಿಗೆ ಗರಿಷ್ಠ 200 ರೂಪಾಯಿ ರಿಯಾಯಿತಿ ಎಂದು ಓದಿ, ಚರ್ಚ್‌ಗೇಟಿನ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಶನ್ನಿಗೆ ಹೋಗಿ, ಅದಕ್ಕಿಂತ ಹೆಚ್ಚು ದುಡ್ಡು ಕೊಟ್ಟು ಸದಸ್ಯರಾದರು.

ಇನ್ನು ಆ ಅಲಾರಂ. ಅದಕ್ಕೆ ಆರು ಸ್ವರ. ಪೊಲೀಸ್ ಗಾಡಿಯದ್ದೊಂದು, ಆಂಬುಲೆನ್ಸಿನದ್ದೊಂದು, ಉಳಿದ ನಾಲ್ಕು ಯಾವ ಪ್ರಾಣಿಯದ್ದೋ ತಿಳಿಯದು. ಬೆಕ್ಕು ಬಾನೆಟ್ಟಿನ ಮೇಲೆ ಹಾರಿದರೆ ಕೂಗುತ್ತಿತ್ತು. ಬೆಸ್ಟ್ ಬಸ್ಸು ಹೋದರೆ ಕೂಗುತ್ತಿತ್ತು. ದೀಪಾವಳಿಯಲ್ಲಂತೂ ಪಟಾಕಿಗೆ ಉತ್ತರ ಕೊಡುತ್ತಿತ್ತು. ಗಣಪತಿ ವಿಸರ್ಜನೆಯ ಢೋಲ್-ತಾಶಾಕ್ಕೆ ತಾಳವನ್ನೂ ಹಾಕುತ್ತಿತ್ತು. ಕಳ್ಳ ಬಂದಾಗ ಕೂಗುತ್ತದೋ ಇಲ್ಲವೋ ಪರೀಕ್ಷೆಯಾಗಲಿಲ್ಲ, ಏಕೆಂದರೆ ನಮ್ಮ ಗೇಟಿನೊಳಗೆ ಬರುವ ಕಳ್ಳನೂ ನಿದ್ರೆ ಬೇಕಾದ ಮನುಷ್ಯನೇ. ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ವಸತಿ ಪ್ರದೇಶದಲ್ಲಿ 45 ಡೆಸಿಬೆಲ್ ಮೀರಬಾರದೆಂಬ 2000ದ ಶಬ್ದಮಾಲಿನ್ಯ ನಿಯಮವನ್ನು ಉದ್ಧರಿಸಿ ಸೆಕ್ರೆಟರಿ ನೋಟಿಸು ಕೊಟ್ಟರು. ರಾಯರು ಲಿಖಿತವಾಗಿ ಉತ್ತರಿಸಿದರು: ‘ಕಳ್ಳರೂ ಆ ಅವಧಿಯನ್ನು ಪಾಲಿಸುವುದಾದರೆ ನನ್ನ ಅಡ್ಡಿಯಿಲ್ಲ.’

ಹೀಗಿರುವಾಗ ಒಂದು ಮಳೆಗಾಲದ ಬೆಳಿಗ್ಗೆ ಅಲಾರಂ ಸತ್ತುಬಿತ್ತು. ಮೆಕ್ಯಾನಿಕ್ ಬಾನೆಟ್ ಎತ್ತಿದರೆ, ವೈರುಗಳೆಲ್ಲ ತುಂಡು ತುಂಡು. ಸೈರನ್ನಿನ ಮುಖಕ್ಕೆ ಹಲ್ಲಿನ ಗುರುತು. ಮುಂಬಯಿಯ ಇಲಿಗಳಿಗೆ ಮಳೆಗಾಲದಲ್ಲಿ ಬಿಸಿಯಾದ ಎಂಜಿನ್ನಿನಷ್ಟು ಒಳ್ಳೆಯ ಮನೆ ಇಲ್ಲ. ರಿಪೇರಿಗೆ 4,000 ರೂಪಾಯಿ: ವೈರು ಮತ್ತು ಮಾಡ್ಯೂಲಿಗೆ 2,800, ಸೈರನ್ನಿಗೆ 1,200. ಕಟ್ಟಡದಲ್ಲಿ ಅಂದು ಮಧ್ಯಾಹ್ನ ಮೂರು ಮನೆಗಳಲ್ಲಿ ಪಾಯಸ ಮಾಡಿದ್ದರೆಂಬುದು ಕಾಕತಾಳೀಯ ಇರಬೇಕು.

ಕಂಪನಿ ಮೊದಲಿಗೆ ಕ್ಲೇಮನ್ನು ತಿರಸ್ಕರಿಸಿತು. ಸವೆತ, ಯಾಂತ್ರಿಕ ಅಥವಾ ವಿದ್ಯುತ್ ದೋಷಕ್ಕೆ ಪಾಲಿಸಿಯಲ್ಲಿ ಪರಿಹಾರವಿಲ್ಲ ಎಂದಿತು. ರಾಯರು ಅಂಥದ್ದೊಂದು ಕಾಗದಕ್ಕಾಗಿಯೇ ವರ್ಷಗಳಿಂದ ಕಾಯುತ್ತಿದ್ದರೋ ಏನೋ, ಮುಖದಲ್ಲಿ ಕಳೆ ಬಂತು. ಆ ರಾತ್ರಿ ಅವರು ಬರೆದ ಪತ್ರವನ್ನು ನಾನು ಓದಿದ್ದೇನೆ. ಕಾನೂನು ಕಾಲೇಜಿನಲ್ಲಿ ಪಾಠಕ್ಕಿಡಬಹುದು. ಹೊರಗಿನ ಆಕಸ್ಮಿಕ ಕಾರಣದಿಂದಾದ ನಷ್ಟಕ್ಕೆ ಪಾಲಿಸಿಯಲ್ಲಿ ಪರಿಹಾರವಿದೆ. ದುರುದ್ದೇಶದ ಕೃತ್ಯಕ್ಕೂ ಇದೆ. ‘ಇಲಿ ಅಕಸ್ಮಾತ್ತಾಗಿ ವೈರು ಕಡಿದಿದ್ದರೆ ಮೊದಲನೆಯ ಕಲಮು ಅನ್ವಯಿಸುತ್ತದೆ. ಬೇಕೆಂದೇ ಕಡಿದಿದ್ದರೆ ಎರಡನೆಯದು. ಅಕಸ್ಮಾತ್ತೂ ಅಲ್ಲ, ಉದ್ದೇಶವೂ ಇಲ್ಲ ಎನ್ನುವ ಮೂರನೆಯ ಬಗೆಯ ಇಲಿಯನ್ನು ತಾವು ತೋರಿಸಿಕೊಡಬೇಕಾಗಿ ವಿನಂತಿ.’

ಇಷ್ಟು ಸಣ್ಣ ಮೊತ್ತಕ್ಕೆ ಸರ್ವೇಯರ್ ಕಳಿಸಬೇಕೆಂಬ ಕಾನೂನಿಲ್ಲ, ಫೋಟೊ ಕಳಿಸಿದರೆ ಸಾಕು ಎಂದರು ಕಂಪನಿಯವರು. ರಾಯರು ಒಪ್ಪಲಿಲ್ಲ. ಕೊನೆಗೆ ಒಬ್ಬ ಯುವಕ ಬಂದ. ಮರ್ಯಾದಸ್ಥ ಹುಡುಗ, ‘ಕಾಕಾ, ಕಾಕಾ’ ಎನ್ನುತ್ತಲೇ ಮಾತಾಡಿದ.

“ಕಾಕಾ, ಇಲಿ ಕಾರಿನ ಒಳಗೇ ಗೂಡು ಕಟ್ಟಿತ್ತಲ್ಲ. ಹಾಗಾದರೆ ಅದು ಹೊರಗಿನ ಕಾರಣ ಹೇಗಾಗುತ್ತದೆ?”

“ಅದು ಕಾರಿನ ಜೊತೆ ಶೋರೂಮಿನಿಂದ ಬಂದದ್ದಲ್ಲ ಮಾರಾಯಾ. ಬೇಕಾದರೆ ಇನ್‌ವಾಯ್ಸ್ ನೋಡು.”

ಇಲ್ಲಿ ಇಲಿ ಉಂಟು ಎಂಬುದಕ್ಕೆ ದಾಖಲೆಯಾಗಿ ರಾಯರು ಇನ್ನೊಂದು ಕಾಗದ ತೆಗೆದರು. ಮುಂಬಯಿ ಪಾಲಿಕೆಯಲ್ಲಿ ರಾತ್ರಿ ಇಲಿ ಹೊಡೆಯುವವರ ಹುದ್ದೆಯೇ ಇದೆ, ಟಾರ್ಚು ಮತ್ತು ಕೋಲು ಹಿಡಿದು ಓಡಾಡುತ್ತಾರೆ, ಒಂದು ಪಾಳಿಗೆ 30 ಇಲಿ ಅವರ ಗುರಿ. ‘ಇಲ್ಲದ ಇಲಿಗೆ ಪಾಲಿಕೆ ಸಂಬಳ ಕೊಡುತ್ತದೆಯೆ?’ ಎಂಬ ಪ್ರಶ್ನೆಗೆ ಹುಡುಗನ ಬಳಿ ಉತ್ತರ ಇರಲಿಲ್ಲ.

ಅವನು ಪಟ್ಟು ಬದಲಿಸಿದ. ಇಲಿ ಕಡಿಯುವ ಮೊದಲು ಅಲಾರಂ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಸಾಕ್ಷಿ ಉಂಟೇ? ಆಗ ನಡೆದದ್ದನ್ನು ನಮ್ಮ ಸೊಸೈಟಿ ಮರೆಯಲಾರದು. ವಾಚ್‌ಮನ್ ಕ್ಯಾಬಿನ್ನಿನಿಂದ ಓಡಿ ಬಂದು ಆರೂ ಸ್ವರಗಳನ್ನು ಬಾಯಿಯಲ್ಲೇ ಮಾಡಿ ತೋರಿಸಿದ. ಮೂರನೆಯ ಮಹಡಿಯ ಆಜಿ ತಾರೀಕು, ಗಂಟೆ ಸಮೇತ ಹೇಳಿದರು. ಎರಡನೆಯ ಮಹಡಿಯಿಂದ ಬಿಪಿ ಮಾತ್ರೆ ಹೆಚ್ಚಿಸಿದ ಡಾಕ್ಟರ ಚೀಟಿ ಬಂತು. ಹತ್ತನೆಯ ತರಗತಿಯ ಹುಡುಗನೊಬ್ಬ ತನ್ನ ಮಾರ್ಕ್ಸ್ ಕಾರ್ಡನ್ನು ಸಾಕ್ಷ್ಯವಾಗಿ ಒಪ್ಪಿಸಲು ಮುಂದಾದ, ಅವನ ತಾಯಿ ತಡೆದರು. ಇಷ್ಟು ಒಗ್ಗಟ್ಟಿನ ಸಾಕ್ಷಿ ಯಾವ ಕೋರ್ಟೂ ನೋಡಿರಲಾರದು. ರಾಯರ ಕಣ್ಣು ತೇವವಾಯಿತು. ನೆರೆಹೊರೆಯವರಿಗೆ ತಮ್ಮ ಮೇಲೆ ಇಷ್ಟು ಪ್ರೀತಿ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ.

ಕ್ಲೇಮು ಒಪ್ಪಿತವಾಯಿತು, ಮೊತ್ತದ ಜಗಳ ಶುರುವಾಯಿತು. ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಕಡಿತ. ಸರ್ವೇಯರ್ ಎಲ್ಲವನ್ನೂ ಪ್ಲಾಸ್ಟಿಕ್ ಎಂದ. ರಾಯರು ಅಡುಗೆಮನೆಯ ತಕ್ಕಡಿ ತಂದು, ವೈರಿನ ಸಿಪ್ಪೆ ಸುಲಿದು, ತಾಮ್ರವನ್ನೂ ಸಿಪ್ಪೆಯನ್ನೂ ಬೇರೆ ಬೇರೆ ತೂಗಿ ತೋರಿಸಿದರು. ಹುಡುಗ ವೈರನ್ನೂ ಮಾಡ್ಯೂಲನ್ನೂ ಲೋಹವೆಂದು ಒಪ್ಪಿದ. ಆದರೆ ಐದು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ಶೇ. 40 ಕಡಿತ, ಪ್ಲಾಸ್ಟಿಕ್ ಸೈರನ್ನಿಗೆ ಶೇ. 50, ಕಡ್ಡಾಯವಾಗಿ ಮಾಲೀಕನೇ ಭರಿಸಬೇಕಾದ 1,000, ಕೈಗೆ ಬರುವುದು 1,280. ರಾಯರು ಎದ್ದು ನಿಂತರು. ಕಾರಿಗೆ ಆರು ವರ್ಷ ಸರಿ, ಅಲಾರಮ್ಮಿಗೆ ಒಂದೂವರೆ ವರ್ಷ! ಅಣ್ಣನ ವಯಸ್ಸನ್ನು ತಮ್ಮನ ಜಾತಕದಲ್ಲಿ ಬರೆಯುವುದೇ? ಎರಡು ವರ್ಷದೊಳಗಿನ ಲೋಹಕ್ಕೆ ಶೇ. 10 ಮಾತ್ರ. ಅವರ ಲೆಕ್ಕದಲ್ಲಿ 2,120.

ನಡುವೆ 840 ರೂಪಾಯಿಯ ಕಂದಕ.

ಆಗ ನಾಲ್ಕನೆಯ ಮಹಡಿಯ ಸಿಎ ತಡೆಯಲಾರದೆ ಬಾಯಿಬಿಟ್ಟರು. “ರಾಯರೇ, ನಿಮ್ಮದು ಐದು ವರ್ಷ ಕ್ಲೇಮಿಲ್ಲದ ಕಾರು. ಶೇಕಡಾ 50 ನೋ ಕ್ಲೇಮ್ ಬೋನಸ್ ಇದೆ. ಈ ಕ್ಲೇಮು ತಗೊಂಡರೆ ಅದು ಸೊನ್ನೆ. ನಿಮ್ಮ ಸ್ವಂತ ಹಾನಿಯ ಪ್ರೀಮಿಯಂ 5,200. ಮುಂದಿನ ವರ್ಷ 2,600 ಹೆಚ್ಚು ಕಟ್ಟಬೇಕು. ನೀವು ಗೆದ್ದರೂ 480 ರೂಪಾಯಿ ಲಾಸು.”

“ಗೊತ್ತುಂಟು,” ಎಂದರು ರಾಯರು. “ನ್ಯಾಯಕ್ಕೂ ಲಾಭಕ್ಕೂ ಎಂಥ ಸಂಬಂಧ ಮಾರಾಯ್ರೆ?”

ಸಿಎ ಆಮೇಲೆ ಲಿಫ್ಟಿನಲ್ಲೂ ರಾಯರ ಮುಖ ನೋಡಲಿಲ್ಲ. ನನಗೇನೋ ಆ ಉತ್ತರ ಹಿಡಿಸಿತು, ಅಲಾರಂ ಅವರದ್ದಲ್ಲದೆ ಬೇರೆಯವರದ್ದಾಗಿದ್ದರೆ ಇನ್ನೂ ಹಿಡಿಸುತ್ತಿತ್ತು.

ಕಂಪನಿಗೆ ದೂರು ಕೊಟ್ಟು ಒಂದು ತಿಂಗಳು ಕಾದು, ರಾಯರು ವಿಮಾ ಓಂಬುಡ್ಸ್‌ಮನ್ ಬಳಿಗೆ ಹೊರಟರು. ಸಾಂತಾಕ್ರೂಜಿನ ಎಸ್.ವಿ. ರೋಡಿನಲ್ಲಿ, ಜೀವನ್ ಸೇವಾ ಅನೆಕ್ಸಿನಲ್ಲಿತ್ತು ಆ ಕಚೇರಿ. ಶುಲ್ಕವಿಲ್ಲ, ವಕೀಲರ ಗೊಡವೆಯಿಲ್ಲ. ರಾಯರಿಗೆ ಹೇಳಿ ಮಾಡಿಸಿದ ಜಾಗ. 2017ರ ನಿಯಮಾವಳಿ ಬಂದಾಗಲೇ 30 ಲಕ್ಷದ ತನಕ ಪರಿಹಾರ ಕೊಡಿಸುವ ಅಧಿಕಾರ ಓಂಬುಡ್ಸ್‌ಮನ್‌ಗಿತ್ತು. ರಾಯರು ಒಯ್ದದ್ದು 840. ಕಾರಿನಲ್ಲಿ ಹೋಗಲಿಲ್ಲ. ಅಲಾರಂ ಇಲ್ಲದ ಕಾರನ್ನು ಎಸ್.ವಿ. ರೋಡಿನಲ್ಲಿ ನಿಲ್ಲಿಸುವುದೇ? ಮುಲುಂಡಿನಿಂದ ದಾದರಿಗೆ ಲೋಕಲ್, ಸೇತುವೆ ಹತ್ತಿ ಇಳಿದು ಪಶ್ಚಿಮ ರೈಲ್ವೆ, ಫೈಲನ್ನು ಮಗುವಿನ ಹಾಗೆ ಎದೆಗವಚಿಕೊಂಡು.

ವಿಚಾರಣೆಯ ದಿನ ಬರುವ ಮುನ್ನವೇ ಕಂಪನಿ 2,120 ಕಳಿಸಿಬಿಟ್ಟಿತು. ರಾಯರು ಒಂದು ವಾರ ಮಂಕಾಗಿದ್ದರು. ಅವರ ಹೆಂಡತಿ, “ಇವರಿಗೆ ದುಡ್ಡು ಬಂದದ್ದೇ ಬೇಜಾರು” ಎಂದರು. ಎಂಟನೆಯ ದಿನ ಅವರಿಗೆ ನೆನಪಾಯಿತು, ಪರಿಹಾರ ತಡವಾದರೆ ಬ್ಯಾಂಕ್ ದರಕ್ಕಿಂತ ಶೇ. 2 ಹೆಚ್ಚಿನ ಬಡ್ಡಿ ಕೊಡಬೇಕೆಂದು ನಿಯಮವಿದೆ. ಕೆಂಪು ಪೆನ್ನಿಗೆ ಹೊಸ ರೀಫಿಲ್ ಬಂತು. ಅಲಾರಮ್ಮಿಗೂ ಹೊಸ ಸೈರನ್ ಬಂತು. ಇದಕ್ಕೆ ಎಂಟು ಸ್ವರ.

ಮೊನ್ನೆ ಸೊಸೈಟಿಯ ವಾರ್ಷಿಕ ಮಹಾಸಭೆಯಲ್ಲಿ ರಾಯರು ಒಂದು ಠರಾವು ಮಂಡಿಸಿದರು. ಪಾರ್ಕಿಂಗ್ ಜಾಗದ ಇಲಿಗಳನ್ನು ನಿರ್ಮೂಲ ಮಾಡಲು ಪೆಸ್ಟ್ ಕಂಟ್ರೋಲ್ ಗುತ್ತಿಗೆ ಕೊಡಬೇಕು, ಖರ್ಚಿನಲ್ಲಿ ಅರ್ಧ ತಾನೇ ಭರಿಸುವೆ ಎಂದರು. ಸೆಕ್ರೆಟರಿ ಅನುಮೋದಕರು ಯಾರು ಎಂದು ಕೇಳಿದರು. ಸಿಎ ಫ್ಯಾನು ನೋಡಿದರು. ಆಜಿ ಜಪಮಾಲೆ ತೆಗೆದರು. ಪ್ರಾಣಿದಯೆಯ ಬಗ್ಗೆ ಈ ಮೊದಲು ಯಾರೂ ತುಟಿ ಬಿಚ್ಚದ ನಮ್ಮ ಸಭೆಯಲ್ಲಿ, ಜೀವಹಿಂಸೆ ಸಲ್ಲದು ಎಂದು ಹಿಂದಿನ ಸಾಲಿನಿಂದ ಒಂದು ದನಿ ಎದ್ದಿತು. ಹೌದು ಹೌದು ಎಂದು ನಾಲ್ಕಾರು ಜನ ಗೋಣಾಡಿಸಿದರು.

ಸೆಕ್ರೆಟರಿ ಮಿನಿಟ್ಸ್ ಪುಸ್ತಕದ ಹಾಳೆ ತಿರುವಿದರು. “ಮುಂದಿನ ವಿಷಯ, ನೀರಿನ ಟ್ಯಾಂಕು.”