ತಾಮ್ರದ ಪೆನ್ನಿ: ಬಳಕೆದಾರರ ಕೈಪಿಡಿ

ಈ ಕೈಪಿಡಿ ಯಾರಿಗೆ

ಅಮೆರಿಕದಲ್ಲಿ ಮಗನ ಮನೆಗೋ ಮಗಳ ಮನೆಗೋ ಆರು ತಿಂಗಳ ಮಟ್ಟಿಗೆ ಬಂದು, ಮೊಮ್ಮಗುವನ್ನು ಶಾಲೆಯ ಬಸ್ಸು ಹತ್ತಿಸಿದ ಮೇಲೆ ಸಂಜೆವರೆಗೆ ಏನು ಮಾಡುವುದೆಂದು ತೋಚದೆ ಕೂತ ಹಿರಿಯರಿಗಾಗಿ ಇದನ್ನು ಸಿದ್ಧಪಡಿಸಲಾಗಿದೆ. ಅಂಥ ಮನೆಗಳ ಅಡುಗೆಕಟ್ಟೆಯ ಮೂಲೆಯಲ್ಲಿ ಒಂದು ಗಾಜಿನ ಜಾಡಿ ಇದ್ದೇ ಇರುತ್ತದೆ. ಜೇಬಿಗೆ ಭಾರವಾದ ಚಿಲ್ಲರೆಯನ್ನೆಲ್ಲ ಅದರೊಳಗೆ ಸುರಿದು ಮನೆಯವರು ಮರೆತಿರುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಪೆನ್ನಿ, ಅಂದರೆ ಒಂದು ಸೆಂಟಿನ ಬಿಲ್ಲೆಗಳು. ಜಾಡಿಯನ್ನು ಮೇಜಿನ ಮೇಲೆ ಬೋರಲು ಹಾಕಿ. ಸೊಸೆ ಕೇಳಿದರೆ ಎಣಿಸುತ್ತಿದ್ದೇನೆ ಎನ್ನಿ.

ಬೇಕಾಗುವ ಸಾಮಗ್ರಿ

ಭೂತಗನ್ನಡಿ ಒಂದು. ಗ್ರಾಮಿನ ನೂರನೇ ಒಂದು ಭಾಗವನ್ನೂ ತೋರಿಸುವ ಪುಟ್ಟ ತಕ್ಕಡಿ ಒಂದು. ಫ್ರಿಜ್ ಬಾಗಿಲಿಗೆ ಅಂಟಿಸಿರುವ ನಯಾಗರಾ ಜಲಪಾತದ ಮ್ಯಾಗ್ನೆಟ್ ಒಂದು. ಇದು ಮೂರರಲ್ಲಿ ಅಗ್ಗದ್ದು, ಆದರೆ ಹೆಚ್ಚು ಕೆಲಸ ಮಾಡುವುದೂ ಇದೇ.

ಹುಡುಕುತ್ತಿರುವುದು ಏನನ್ನು

ಎರಡನೇ ಮಹಾಯುದ್ಧದಲ್ಲಿ ಗುಂಡಿನ ತೋಟಾಗಳಿಗೆ ತಾಮ್ರ ಸಾಲದೆ ಬಂತು. ಪೆನ್ನಿಗೆ ಬದಲಿ ಸಾಮಗ್ರಿ ಹುಡುಕುತ್ತ ಅಮೆರಿಕದ ಟಂಕಸಾಲೆಯವರು ಪ್ಲಾಸ್ಟಿಕ್ಕನ್ನೂ ಗಾಜನ್ನೂ ಪ್ರಯೋಗಿಸಿ ನೋಡಿ, ಕೊನೆಗೆ ಉಕ್ಕಿನ ಬಿಲ್ಲೆಗೆ ಸತುವು ಬಳಿಯುವುದೆಂದು ತೀರ್ಮಾನಿಸಿದರು. 1943ರಲ್ಲಿ ಫಿಲಡೆಲ್ಫಿಯಾ, ಡೆನ್ವರ್, ಸ್ಯಾನ್ ಫ್ರಾನ್ಸಿಸ್ಕೊ ಮೂರೂ ಕಡೆ ಸೇರಿ ನೂರು ಕೋಟಿಗೂ ಮೀರಿ ಇಂಥ ಬಿಳಿ ಪೆನ್ನಿಗಳು ಅಚ್ಚಾದವು. ಜನ ಅವನ್ನು ಹತ್ತು ಸೆಂಟಿನ ಡೈಮ್ ಎಂದು ತಿಳಿದು ಮೋಸಹೋದರು. ಸತುವು ಸವೆದ ಕಡೆ ತುಕ್ಕು ಹಿಡಿಯಿತು. ಕಬ್ಬಿಣದ ಕಳ್ಳಬಿಲ್ಲೆಗಳನ್ನು ಹಿಡಿಯಲು ಮ್ಯಾಗ್ನೆಟ್ ಇಟ್ಟುಕೊಂಡಿದ್ದ ಮಾರಾಟ ಯಂತ್ರಗಳು ಸರ್ಕಾರದ ಅಸಲಿ ನಾಣ್ಯವನ್ನೇ ಕಳ್ಳನೆಂದು ಹಿಡಿದವು. ಮರುವರ್ಷವೇ ತಾಮ್ರ ವಾಪಸ್ಸು ಬಂತು.

ಅದೇ 1943ರಲ್ಲಿ ಬ್ರಿಟಿಷ್ ಇಂಡಿಯಾ ಬೇರೆ ಉಪಾಯ ಮಾಡಿತು: ಬಿಲ್ಲೆಯ ನಡುವೆ ತೂತು ಕೊರೆದು ತಾಮ್ರ ಉಳಿಸಿತು. ಸುಮಾರು 4.86 ಗ್ರಾಂ ತೂಗುತ್ತಿದ್ದ ಕಾಲಾಣೆಯ ಜಾಗಕ್ಕೆ ಸುಮಾರು 2 ಗ್ರಾಮಿನ ಪೈಸೆ ಬಂತು. ಅಜ್ಜಿಯರ ಉಡಿದಾರದಲ್ಲಿ ಜೋತಾಡುತ್ತಿದ್ದ ತೂತುಕಾಸು ಅದೇ. ಜಾಣತನ ಯಾರದ್ದು ಹೆಚ್ಚು ಎಂದು ಕೇಳಿದರೆ ನಾನು ತೂತಿನ ಪರ. ದಾರಕ್ಕೆ ಪೋಣಿಸಬಹುದು, ತುಕ್ಕೂ ಹಿಡಿಯುವುದಿಲ್ಲ.

ಈಗ ಮುಖ್ಯ ವಿಷಯ. 1942ರ ಕೊನೆಯಲ್ಲಿ ಟಂಕಸಾಲೆಯ ತೊಟ್ಟಿಗಳ ಬಾಗಿಲ ಸಂದಿಯಲ್ಲಿ ಕೆಲವು ತಾಮ್ರದ ಬಿಲ್ಲೆಗಳು ಸಿಕ್ಕಿಕೊಂಡು ಉಳಿದವು ಎನ್ನುತ್ತಾರೆ ಬಲ್ಲವರು. ಆಮೇಲೆ ಅದೇ ತೊಟ್ಟಿಗೆ ಉಕ್ಕಿನ ಬಿಲ್ಲೆ ಸುರಿದಾಗ ಅವು ಸಡಿಲವಾಗಿ, ಉಕ್ಕಿನ ಜೊತೆ ಅಚ್ಚಿನಡಿ ಹೋಗಿ, 1943ರ ಮುದ್ರೆ ಹೊತ್ತು ಹೊರಬಂದವು. ಇಂದಿಗೆ ಗೊತ್ತಿರುವುದು ಮೂರೂ ಟಂಕಸಾಲೆ ಸೇರಿ ಇಪ್ಪತ್ತರ ಆಸುಪಾಸು. ಡೆನ್ವರ್‌ನದ್ದು ಒಂದೇ ಒಂದು. 2010ರಲ್ಲಿ ಅದು 17 ಲಕ್ಷ ಡಾಲರಿಗೆ ಮಾರಾಟವಾಯಿತು. ನೂರು ಕೋಟಿ ನಾಣ್ಯಗಳನ್ನು ಸರಿಯಾಗಿ ಮಾಡಿದ್ದಕ್ಕೆ ಯಾರೂ ಕಾಸು ಕೊಡಲಿಲ್ಲ.

ಹಂತ ಒಂದು: ಬೆನ್ನು ನೋಡಿ

ಹಿಂಬದಿಯಲ್ಲಿ ಕಂಬಗಳ ಕಟ್ಟಡವಿದ್ದರೆ ಅದು 1959ರಿಂದೀಚಿನದು, ಪಕ್ಕಕ್ಕಿಡಿ. ಗುರಾಣಿ ಇದ್ದರೆ 2010ರಿಂದೀಚಿನದು, ಅದನ್ನೂ ಇಡಿ. ಎರಡು ಗೋಧಿ ತೆನೆಗಳಿದ್ದರೆ ಮಾತ್ರ ಮುಂದೆ ಓದಿ. ಬಹುತೇಕ ಓದುಗರಿಗೆ ಈ ಕೈಪಿಡಿ ಇಲ್ಲಿಗೇ ಮುಗಿಯುತ್ತದೆ. ಅವರು ಬ್ಯಾಂಕಿಗೆ ಹೋಗಿ ಐವತ್ತು ಪೆನ್ನಿಗಳ ಕಾಗದದ ಸುರುಳಿ ಕೊಂಡು ತಂದು ಮತ್ತೆ ಮೊದಲಿನಿಂದ ಶುರು ಮಾಡಬಹುದು. 2025ರ ನವೆಂಬರಿನಲ್ಲಿ ಚಲಾವಣೆಯ ಪೆನ್ನಿ ಅಚ್ಚು ಮಾಡುವುದನ್ನೇ ಅಮೆರಿಕ ನಿಲ್ಲಿಸಿದೆ. ಒಂದು ಸೆಂಟಿನ ನಾಣ್ಯ ಮಾಡಲು ಮೂರೂವರೆ ಸೆಂಟು ದಾಟುತ್ತಿತ್ತು. ಹಾಗಾಗಿ ಸುರುಳಿ ಕೊಳ್ಳುವವರು ಬೇಗ ಕೊಳ್ಳಿ.

ಹಂತ ಎರಡು: ಮ್ಯಾಗ್ನೆಟ್ ಹಿಡಿಯಿರಿ

ಇಸವಿ 1943, ಬಣ್ಣ ತಾಮ್ರ. ಎದೆ ಢವಢವ ಎನ್ನುತ್ತದೆ. ಎನ್ನಲಿ. ಮ್ಯಾಗ್ನೆಟ್ಟನ್ನು ಹತ್ತಿರ ತನ್ನಿ.

ನಾಣ್ಯ ಟಕ್ಕೆಂದು ಹಾರಿ ನಯಾಗರಾಕ್ಕೆ ಅಂಟಿಕೊಂಡರೆ, ಅದು ಉಕ್ಕಿನ ಪೆನ್ನಿಗೆ ಯಾರೋ ತಾಮ್ರದ ನೀರು ಕುಡಿಸಿದ್ದು. ಅಂಥವು ಹೇರಳವಾಗಿವೆ. ತಮಾಷೆಗೆ ಮಾಡಿದವೂ ಇವೆ, ನಿಮ್ಮಂಥವರಿಗಾಗಿಯೇ ಮಾಡಿದವೂ ಇವೆ. ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಲೇಪ ಎದ್ದ ಕಡೆ ಬೂದುಬಣ್ಣ ಇಣುಕುತ್ತದೆ. ಈ ಹಂತದಲ್ಲಿ ವಾದಕ್ಕೆ ಅವಕಾಶವಿಲ್ಲ. ಮ್ಯಾಗ್ನೆಟ್ ಬೇರೆಯದಾಗಿದ್ದರೆ, ಗಾಳಿಯಲ್ಲಿ ತೇವ ಕಡಿಮೆಯಿದ್ದಿದ್ದರೆ, ಮೇಜು ಕಬ್ಬಿಣದ್ದಲ್ಲದಿದ್ದರೆ ಎಂದೆಲ್ಲ ಹೇಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಬೀಗರಮನೆಯವರಿಗಾದರೂ ತಿಳಿಹೇಳಬಹುದು, ಮ್ಯಾಗ್ನೆಟ್ಟಿಗೆ ಆಗುವುದಿಲ್ಲ.

ಅಂಟದಿದ್ದರೆ ಒಂದು ಲೋಟ ನೀರು ಕುಡಿದು ಮುಂದಿನ ಹಂತಕ್ಕೆ ಬನ್ನಿ. ಯಾರಿಗೂ ಫೋನ್ ಮಾಡಬೇಡಿ.

ಹಂತ ಮೂರು: ಮೂರರ ಬಾಲ

ಅಸಲಿ 1943ರಲ್ಲಿ ಮೂರರ ಬಾಲ ಉದ್ದ. ಪಕ್ಕದ ಅಂಕಿಗಳ ಸಾಲಿಗಿಂತ ಕೆಳಗಿಳಿದು ಎಡಕ್ಕೆ ಚಾಚುತ್ತದೆ. 1948ರ ಪೆನ್ನಿಯ ಎಂಟನ್ನು ಎಡಗಡೆ ಕೆತ್ತಿ ಮೂರು ಮಾಡಿದವರು ಬಹಳ. ತಾಮ್ರ ಅಸಲಿ, ಮ್ಯಾಗ್ನೆಟ್ಟಿಗೂ ಅಂಟುವುದಿಲ್ಲ, ಆದರೆ ಆ ಮೂರಕ್ಕೆ ಬಾಲವೇ ಇಲ್ಲ. ಇಲ್ಲದ ಲೋಹವನ್ನು ಕೆತ್ತಿ ಹುಟ್ಟಿಸುವುದು ಯಾವ ಅಕ್ಕಸಾಲಿಗನಿಗೂ ಸಾಧ್ಯವಿಲ್ಲ.

ಬಾಲವಿದ್ದರೆ ತೂಕ ಹಾಕಿ. ಉಕ್ಕಿನದ್ದು 2.7 ಗ್ರಾಂ, ತಾಮ್ರದ್ದು 3.11. ಸವೆದಿದ್ದರೆ ಕೂದಲೆಳೆ ಕಡಿಮೆ ಬರಬಹುದು. ಉಕ್ಕು ಗಟ್ಟಿಯಾದ್ದರಿಂದ ಆ ವರ್ಷ ಯಂತ್ರದ ಒತ್ತಡ ಏರಿಸಿದ್ದರು. ಅದೇ ಒತ್ತಡಕ್ಕೆ ಸಿಕ್ಕ ತಾಮ್ರದ ಬಿಲ್ಲೆಯಲ್ಲಿ ಲಿಂಕನ್ನನ ಗಡ್ಡದ ಎಳೆ, ಅಂಚಿನ ಅಕ್ಷರ ಎಲ್ಲವೂ ಖಡಕ್ಕಾಗಿ ಮೂಡಿರಬೇಕು.

ಎಚ್ಚರಿಕೆ

ಹುಣಸೆಹಣ್ಣು ಹಚ್ಚಬೇಡಿ. ನಿಂಬೆಹೋಳು, ಪೀತಾಂಬರಿ, ತೆಂಗಿನ ನಾರು, ಬೂದಿ ಯಾವುದೂ ಬೇಡ. ದೇವರಮನೆಯ ಪಂಚಪಾತ್ರೆ ಬೆಳಗಿದ ಕೈಗೆ ಕಂದಿದ ತಾಮ್ರ ಕಂಡರೆ ತುರಿಕೆ ಹತ್ತುವುದು ಸಹಜ. ಆದರೆ ಸಂಗ್ರಹಕಾರರು ದುಡ್ಡು ಕೊಡುವುದು ಆ ಕಂದಿದ ಮೇಲ್ಮೈಗೇ. ಒಮ್ಮೆ ತಿಕ್ಕಿದರೆ ಗೀರುಗಳು ಬೀಳುತ್ತವೆ, ಬೆಲೆ ಬಿದ್ದುಹೋಗುತ್ತದೆ, ಅದು ಮತ್ತೆ ಏಳುವುದಿಲ್ಲ. ಅಂಚು ಹಿಡಿದು ಎತ್ತಿ, ಮುಖ ಮುಟ್ಟಬೇಡಿ.

ಎರಡನೆಯದು ವಾಟ್ಸಾಪಿನದ್ದು. ನಿಮ್ಮ ಹಳೇ ಐದು ರೂಪಾಯಿಗೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂಬ ಸಂದೇಶಗಳು ಊರಲ್ಲಿದ್ದಾಗ ಬಂದೇ ಇರುತ್ತವೆ. ಇಂಥ ವ್ಯವಹಾರಕ್ಕೆ ತನ್ನ ಹೆಸರು ಬಳಸಿಕೊಳ್ಳುತ್ತಿದ್ದಾರೆಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಪ್ರಕಟಣೆ ಕೊಟ್ಟು ಎಚ್ಚರಿಸಬೇಕಾಯಿತು. ಅಮೆರಿಕದಲ್ಲಿ ಈ ಆಸೆ ಇನ್ನೂ ಹಳೆಯದು. ತಾಮ್ರದ ಪೆನ್ನಿ ತಂದವರಿಗೆ ಹೆನ್ರಿ ಫೋರ್ಡ್ ಹೊಸ ಕಾರು ಕೊಡುತ್ತಾನೆಂಬ ಗಾಳಿಸುದ್ದಿ 1940ರ ದಶಕದಲ್ಲೇ ಹಬ್ಬಿತ್ತು. ಮ್ಯಾಸಚೂಸೆಟ್ಸಿನ ಪಿಟ್ಸ್‌ಫೀಲ್ಡಿನ ಹದಿನಾರರ ಹುಡುಗನೊಬ್ಬನಿಗೆ 1947ರಲ್ಲಿ ಶಾಲೆಯ ಕ್ಯಾಂಟೀನಿನ ಚಿಲ್ಲರೆಯಲ್ಲಿ ಅಂಥದ್ದೊಂದು ನಿಜವಾಗಿಯೂ ಸಿಕ್ಕಿತು. ಫೋರ್ಡ್ ಕಂಪನಿಯನ್ನು ವಿಚಾರಿಸಿದ, ಸುದ್ದಿ ಸುಳ್ಳು ಎಂದರು. ಖಜಾನೆ ಇಲಾಖೆಯನ್ನು ಕೇಳಿದ, 1943ರ ಪೆನ್ನಿಗಳೆಲ್ಲ ಉಕ್ಕಿನವೇ ಎಂಬ ಉತ್ತರ ಬಂತು. ನಾಣ್ಯ ಅಂಗೈಯಲ್ಲಿದೆ, ಅದು ಇರಲು ಸಾಧ್ಯವಿಲ್ಲವೆಂಬ ಸರ್ಕಾರಿ ಕಾಗದ ಇನ್ನೊಂದು ಕೈಯಲ್ಲಿದೆ. ಹುಡುಗ ವಾದಿಸಲು ಹೋಗಲಿಲ್ಲ, ನಾಣ್ಯವನ್ನು ಜೋಪಾನ ಮಾಡಿದ, ಎಪ್ಪತ್ತು ವರ್ಷ ಇಟ್ಟುಕೊಂಡ. 2019ರ ಜನವರಿಯ ಹರಾಜಿನಲ್ಲಿ ಅದಕ್ಕೆ 2,04,000 ಡಾಲರ್ ಬಂತು. ಆಗ ಅವನು ತೀರಿಕೊಂಡಾಗಿತ್ತು. ಹಣ ಊರಿನ ಗ್ರಂಥಾಲಯಕ್ಕೆಂದು ಹೇಳಿಹೋಗಿದ್ದ.

ದೋಷ ನಿವಾರಣೆ

ಪೆನ್ನಿ ಬೆಳ್ಳಗಿದೆ, ಮ್ಯಾಗ್ನೆಟ್ಟಿಗೆ ಅಂಟುತ್ತದೆ, ಆದರೆ ಇಸವಿ 1944: ಕುರ್ಚಿಯಿಂದ ಏಳಬೇಡಿ. ಇದು ಅದೇ ತಪ್ಪಿನ ಉಲ್ಟಾ. ಉಳಿದ ಉಕ್ಕಿನ ಬಿಲ್ಲೆ ತಾಮ್ರದ ವರ್ಷದಲ್ಲಿ ಅಚ್ಚಿಗೆ ಹೋದದ್ದು. ಫಿಲಡೆಲ್ಫಿಯಾದಲ್ಲಿ ಆ ವರ್ಷ ಬೆಲ್ಜಿಯಮ್ಮಿಗಾಗಿ ಎರಡು ಫ್ರಾಂಕಿನ ಎರಡೂವರೆ ಕೋಟಿ ನಾಣ್ಯಗಳನ್ನು ಅದೇ ಉಳಿಕೆ ಬಿಲ್ಲೆಗಳ ಮೇಲೆ ಹೊಡೆದಿದ್ದರು. ಇಸವಿಯ ಕೊನೆಯ ನಾಲ್ಕು ತಿದ್ದಿದ ಮೂರಲ್ಲ ಎಂದು ಮಾತ್ರ ಖಚಿತ ಮಾಡಿಕೊಳ್ಳಿ.

ಅಕ್ಷರಗಳೆಲ್ಲ ಎರಡೆರಡಾಗಿ ಕಾಣುತ್ತಿವೆ: ಮೊದಲು ಕನ್ನಡಕ ಒರೆಸಿ. ಆಮೇಲೂ ಹಾಗೇ ಕಂಡು ಇಸವಿ 1955 ಇದ್ದರೆ ನೀವು ಅದೃಷ್ಟವಂತರು. ಅಚ್ಚಿನಲ್ಲೇ ಜೋಡಿಗೆರೆ ಬಿದ್ದಿದ್ದ ಅಂಥ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆನ್ನಿಗಳು ಹೊರಬಿದ್ದವು. ಆಗ ಯಂತ್ರದ ಸಿಗರೇಟು 23 ಸೆಂಟು. 25 ಹಾಕಿದವರಿಗೆ ಉಳಿದ ಎರಡು ಪೆನ್ನಿಯನ್ನು ಪೊಟ್ಟಣದ ಮೇಲಿನ ಪಾರದರ್ಶಕ ಹಾಳೆಯೊಳಗೇ ತುರುಕಿ ಕೊಡುತ್ತಿದ್ದರು. ಹಲವು ಜೋಡಿಗೆರೆ ಪೆನ್ನಿಗಳು ಹಾಗೆಯೇ ಜನರ ಕೈ ಸೇರಿದವು. ಧೂಮಪಾನದಿಂದ ಲಾಭವಾದ ಬೇರೆ ಪ್ರಸಂಗ ನನಗೆ ನೆನಪಾಗುತ್ತಿಲ್ಲ.

ಪೆನ್ನಿಯಲ್ಲಿ ಏನೂ ಸಿಗಲಿಲ್ಲ: ಜಾಡಿ ತುಂಬುವ ಮೊದಲು ಐದು ಸೆಂಟಿನ ನಿಕಲ್‌ಗಳನ್ನೂ ತಿರುವಿಹಾಕಿ. 1942ರಿಂದ 1945ರವರೆಗೆ ಕೆಲವದರಲ್ಲಿ ನೂರಕ್ಕೆ 35 ಭಾಗ ಬೆಳ್ಳಿಯಿದೆ. ಗುರುತು ಸುಲಭ: ಜೆಫರ್‌ಸನ್ನನ ಮನೆಯ ಗುಮ್ಮಟದ ನೆತ್ತಿಯ ಮೇಲೆ ಪಿ, ಡಿ ಅಥವಾ ಎಸ್ ಎಂದು ದೊಡ್ಡಕ್ಷರ. 1944ರ ನಿಕಲ್‌ನಲ್ಲಿ ಆ ಅಕ್ಷರವೇ ಇಲ್ಲವೇ? ಹಾಗಿದ್ದರೆ ಅದು ನ್ಯೂಜೆರ್ಸಿಯ ಹೆನ್ನಿಂಗ್ ಎಂಬಾತ 1950ರ ದಶಕದಲ್ಲಿ ಮಾಡಿದ ಖೋಟಾ ಇರಬಹುದು. ಐದು ಸೆಂಟಿನ ನಕಲಿ ಮಾಡಲು ಹೊರಟ ಆ ಮಹಾನುಭಾವ, ಗುಮ್ಮಟದ ಮೇಲಿನ ಅಕ್ಷರವೊಂದನ್ನು ಮರೆತು ಸಿಕ್ಕಿಬಿದ್ದ. ಅವನ ನಕಲಿಗೆ ಇಂದು ಅಸಲಿಗಿಂತ ಹೆಚ್ಚು ಬೆಲೆ. ಆದರೆ ಖೋಟಾ ನಾಣ್ಯ ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ನೀವಿರುವುದು ಸಂದರ್ಶಕರ ವೀಸಾದಲ್ಲಿ. ಅದನ್ನು ಅಳಿಯನ ಮೇಜಿನ ಡ್ರಾಯರಿನಲ್ಲಿಡಿ.