ಕಾರವಾರಕ್ಕೊಂದು ಪ್ಲಾನು

ನಮ್ಮಲ್ಲಿ ಯಾವುದೇ ಕುಟುಂಬ ಪ್ರವಾಸ ಹೊರಡುವ ಮಾತೆತ್ತಿದ ಕೂಡಲೇ ಎರಡು ಪಕ್ಷವಾಗುತ್ತದೆ. ಒಂದು ಬೆಟ್ಟದ ಪಕ್ಷ, ಇನ್ನೊಂದು ಸಮುದ್ರದ ಪಕ್ಷ. ಬೆಟ್ಟದವರು ಸ್ವೆಟರು, ಮಂಜು, ಸೂರ್ಯೋದಯದ ಮಾತಾಡುತ್ತಾರೆ. ಸಮುದ್ರದವರಿಗೆ ಮೀನು ಬೇಕು, ಬೆಳಿಗ್ಗೆ ಒಂಬತ್ತರವರೆಗೆ ನಿದ್ದೆಯೂ ಬೇಕು. ನಮ್ಮ ಮನೆಯಲ್ಲಿ ಬೆಟ್ಟದ ಪಕ್ಷಕ್ಕೆ ನನ್ನ ಹೆಂಡತಿ ನಾಯಕಿ, ಸಮುದ್ರದ ಪಕ್ಷಕ್ಕೆ ಅವಳ ಅಣ್ಣ. ಅತ್ತೆಯವರು ಪಕ್ಷೇತರರು, ಯಾವ ದಾರಿಯಲ್ಲಿ ದೇವಸ್ಥಾನ ಹೆಚ್ಚೋ ಅದಕ್ಕೆ ಅವರ ಬೆಂಬಲ. ಇವರನ್ನೆಲ್ಲ ಒಂದೇ ಊರಲ್ಲಿ ಇಳಿಸಿ ಸಮಾಧಾನ ಮಾಡುವ ಹಂಚಿಕೆಯಿಂದ ನಾನು ಕಾರವಾರದ ಹೆಸರು ಹೇಳಿದೆ.

ಹಿಂದೆ ಕೆಲಸದ ಮೇಲೆ ಕೆಲವು ವರ್ಷ ಅಲ್ಲಿದ್ದವನು ನಾನು. ಹೀಗಾಗಿ ಧೈರ್ಯವಾಗಿ ಹೇಳಬಲ್ಲೆ: ಈ ಜಗಳಕ್ಕೆ ಕಾರವಾರದಷ್ಟು ಒಳ್ಳೆಯ ಪಂಚಾಯಿತಿಕಟ್ಟೆ ಇನ್ನೊಂದಿಲ್ಲ. ಮಂಗಳೂರಿನ ಕಡೆ ಸಹ್ಯಾದ್ರಿ ಕಡಲಿನಿಂದ ಬಹಳ ದೂರದಲ್ಲೇ ನಿಂತುಬಿಡುತ್ತದೆ. ಇಲ್ಲಿ ಗುಡ್ಡಗಳು ಇಳಿದು ಬಂದು ನೀರಿಗೇ ಕಾಲಿಟ್ಟಿವೆ. ಊರಿನ ದಕ್ಷಿಣಕ್ಕೆ ಗುಡ್ಡ, ಸಮುದ್ರ ಎಷ್ಟು ಒತ್ತಾಗಿವೆಯೆಂದರೆ, ಹೆದ್ದಾರಿ ಅಗಲ ಮಾಡುವಾಗ ಸುರಂಗವನ್ನೇ ಕೊರೆಯಬೇಕಾಯಿತು. ಉತ್ತರಕ್ಕೆ ಕಾಳಿ ನದಿ. ಜೊಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟಿ, 184 ಕಿಲೋಮೀಟರ್ ಹರಿದು, ಅಣೆಕಟ್ಟುಗಳಿಗೆಲ್ಲ ಕಂದಾಯ ಕಟ್ಟಿ, ಕೊನೆಗೆ ಇಲ್ಲಿ ಸಮುದ್ರ ಸೇರುತ್ತದೆ. ಕಡಲತೀರದಲ್ಲಿ ಪಡುವಣಕ್ಕೆ ಮುಖ ಮಾಡಿ ಕೂತರೆ ನೀರು, ಕತ್ತು ತಿರುಗಿಸಿದರೆ ಬೆಟ್ಟ. ಗಂಡ ಹೆಂಡತಿ ಬೆನ್ನಿಗೆ ಬೆನ್ನು ಕೊಟ್ಟು ಕೂತರೆ ಪ್ರವಾಸ ಮುಗಿದೇ ಹೋಯಿತು.

ಎಲ್ಲರೂ ಒಪ್ಪಿದರು. ಮಗಳು ‘ಕಾರವಾರ ಟ್ರಿಪ್’ ಅಂತ ವಾಟ್ಸಾಪ್ ಗ್ರೂಪು ಮಾಡಿದಳು. ಕೆಡುಕು ಶುರುವಾಗಿದ್ದು ಅಲ್ಲಿಂದ.

‘ಅಲ್ಲೀತನಕ ಹೋದ್ಮೇಲೆ ಗೋಕರ್ಣ ಬಿಟ್ಟು ಬರೋಕಾಗುತ್ತಾ?’ ಎಂದರು ಅತ್ತೆ. ನ್ಯಾಯವೇ. ಕಾರವಾರದಿಂದ ದಕ್ಷಿಣಕ್ಕೆ ಅರವತ್ತು ಕಿಲೋಮೀಟರ್ ಅಷ್ಟೆ. ಗೋಕರ್ಣ ಆದಮೇಲೆ ಮುರ್ಡೇಶ್ವರ ಬಿಟ್ಟರೆ ಶಿವ ಏನೆಂದುಕೊಂಡಾನು? ಹೆಂಡತಿಗೆ ಕಪ್ಪು ಬಂಡೆಗಳ ಯಾಣ ಬೇಕು. ಮಗಳಿಗೆ ದಾಂಡೇಲಿಯಲ್ಲಿ ರಾಫ್ಟಿಂಗ್. ಅದೂ ಕಾಳಿ ನದಿಯೇ ತಾನೇ, ಹಾಗಾಗಿ ಅದು ಕಾರವಾರವೇ ಎಂದು ಅವಳ ವಾದ. ಮುಂದೆ ವಕೀಲಳಾಗುವ ಲಕ್ಷಣ. ಭಾವ ಬಹಳ ಹೊತ್ತು ಸುಮ್ಮನಿದ್ದರು. ರಾತ್ರಿ ಹನ್ನೊಂದಕ್ಕೆ ಒಂದೇ ಸಾಲು ಹಾಕಿದರು: ‘ಅಲ್ಲೀತನಕ ಹೋದ್ಮೇಲೆ ಗೋವಾ ಇಲ್ಲೇ ಪಕ್ಕದಲ್ಲಿ.’

ಪಕ್ಕದಲ್ಲಿರುವುದು ನಿಜ. ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ಕಳೆದರೆ ರಾಜ್ಯವೇ ಮುಗಿಯುತ್ತದೆ. ಕಾರವಾರದ ದೊಡ್ಡ ಕಷ್ಟವೇ ಇದು. ಅದರ ಎಡಕ್ಕೂ ಬಲಕ್ಕೂ ಹೆಸರಾದ ಊರುಗಳು ಕೂತಿವೆ. ಜಿಲ್ಲಾಕೇಂದ್ರವಾದರೂ ಪ್ರವಾಸಿಗರ ಪಾಲಿಗೆ ಇದು ದಾರಿಯ ಊರು. ಬೆಂಗಳೂರಿನಿಂದ ಐನೂರು ಚಿಲ್ಲರೆ ಕಿಲೋಮೀಟರ್ ಬಂದವರು ಇಲ್ಲಿ ಕಾರಿನ ಗಾಜು ಇಳಿಸಿ, ‘ಎಷ್ಟು ಚೆನ್ನಾಗಿದೆ ಅಲ್ವಾ?’ ಎಂದು ಗಾಜು ಏರಿಸಿಕೊಂಡು ಗೋವಾಕ್ಕೆ ಹೋಗಿಬಿಡುತ್ತಾರೆ. ವಾಪಸು ಬರುವಾಗ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಅಬಕಾರಿಯವರು ಬ್ಯಾಗು ಬಿಚ್ಚಿಸಿದಾಗ ಮಾತ್ರ ಕಾರವಾರ ತಾಲ್ಲೂಕಿನಲ್ಲಿ ತುಸು ಹೊತ್ತು ತಂಗುತ್ತಾರೆ.

ಮಗಳು ಎಲ್ಲರ ಬೇಡಿಕೆಗಳನ್ನೂ ಸೇರಿಸಿ ಒಂದು ವೇಳಾಪಟ್ಟಿ ಮಾಡಿದಳು. ಬಣ್ಣಬಣ್ಣದ ಎಕ್ಸೆಲ್ ಶೀಟು. ಹುಡುಕಿದೆ, ಹುಡುಕಿದೆ. ಕೊನೆಗೆ ಶನಿವಾರದ ಅಂಕಣದಲ್ಲಿ ಸಿಕ್ಕಿತು: ‘ಮಧ್ಯಾಹ್ನ 1ರಿಂದ 2: ಕಾರವಾರ (ಊಟ).’

ಊಟದ ಆ ಒಂದು ಗಂಟೆಗೂ ಲೆಕ್ಕಾಚಾರ ಬೇಕಿತ್ತು. ಭಾವನಿಗೆ ಜೂನ್‌ನಲ್ಲಿ ರಜೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ; ಮೀನು ಮರಿ ಮಾಡುವ ಕಾಲ. ಮೀನಿಗೂ ಸಂಸಾರವಿದೆಯೆಂದು ಭಾವನಿಗೆ ತಿಳಿಹೇಳಿದೆ. ಅದೂ ಅಲ್ಲದೆ ಕಾರವಾರದ ಮಳೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್, ಅದರಲ್ಲಿ ಬಹುಪಾಲು ಸುರಿಯುವುದು ಜೂನ್‌ನಿಂದ ಶುರುವಾಗುವ ಮಳೆಗಾಲದ ನಾಲ್ಕು ತಿಂಗಳಲ್ಲೇ. ಆಗ ಬೆಟ್ಟವೂ ಕಾಣದು, ಸಮುದ್ರವೂ ಕಾಣದು. ಎರಡೂ ಪಕ್ಷಕ್ಕೆ ಸಮಾನ ನ್ಯಾಯ.

ಮೀನು ತಿನ್ನುವವರು ಚಳಿಗಾಲದಲ್ಲೇ ಹೋಗಬೇಕು. ಮೀನುಪೇಟೆಯ ಹೆಂಗಸಿನ ಮುಂದೆ ನಿಂತು ಬಂಗಡೆ ತಾಜಾ ಇದೆಯಾ ಎಂದು ಕೇಳಿ ನೋಡಿ. ಆಕೆ ಬಾಯಲ್ಲಿ ಉತ್ತರ ಕೊಡುವುದಿಲ್ಲ. ಮೀನನ್ನೆತ್ತಿ, ಹೆಬ್ಬೆರಳಿನಿಂದ ಕಿವಿರು ಸರಿಸಿ, ಒಳಗಿನ ಕೆಂಪನ್ನು ನಿಮ್ಮ ಮೂಗಿನ ಹತ್ತಿರ ಹಿಡಿಯುತ್ತಾಳೆ. ನೀವು ಬೆಂಗಳೂರಿನವರೆಂದು ಅಷ್ಟರಲ್ಲಿ ಅವಳಿಗೆ ಗೊತ್ತಾಗಿರುತ್ತದೆ. ದರ ಕನ್ನಡದಲ್ಲಿ ಹೇಳುತ್ತಾಳೆ, ನಿಮ್ಮ ಬಗೆಗಿನ ಅಭಿಪ್ರಾಯವನ್ನು ಪಕ್ಕದವಳಿಗೆ ಕೊಂಕಣಿಯಲ್ಲಿ.

ಹೋಗುವುದು ಹೇಗೆ ಎಂಬುದು ಇನ್ನೊಂದು ಅಧಿವೇಶನ. ಬೆಂಗಳೂರಿನಿಂದ ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಅದು ಘಾಟಿ ಇಳಿಯುವುದು ಕತ್ತಲಲ್ಲಿ, ಹಾಗಾಗಿ ಬೆಟ್ಟದ ಪಕ್ಷದ ವಿರೋಧ. ಹಗಲು ರೈಲು ಹಿಡಿಯೋಣವೆಂದಳು ಹೆಂಡತಿ. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 55 ಕಿಲೋಮೀಟರ್‌ನಲ್ಲಿ 57 ಸುರಂಗಗಳಿವೆ. ನೋಡಿ ನೋಡಿ ಎಂದು ಕೈ ತೋರಿಸುವಷ್ಟರಲ್ಲಿ ಕತ್ತಲು, ಎಲ್ಲಿ ಎಲ್ಲಿ ಎಂದು ಮೂಗು ಗಾಜಿಗೆ ಒತ್ತುವಷ್ಟರಲ್ಲಿ ಇನ್ನೊಂದು ಸುರಂಗ. ಕಾರವಾರ ನಿಲ್ದಾಣವಿರುವುದು ಊರಿನಲ್ಲಲ್ಲ, ಹೊರಗೆ ಶಿರವಾಡದಲ್ಲಿ. ಕೊಂಕಣ ರೈಲು ತುಂಬಾ ಸಭ್ಯ, ಯಾವ ಊರೊಳಗೂ ಹೇಳದೆ ಕೇಳದೆ ನುಗ್ಗುವುದಿಲ್ಲ. ಆಟೋದವರ ಸಂಸಾರವೂ ನಡೆಯಬೇಕಲ್ಲ.

ನನಗೆ ಸಿಟ್ಟು ಬಂದಿದ್ದು ಆ ಒಂದು ಗಂಟೆಯ ಅಂಕಣ ನೋಡಿ. 1883ರಲ್ಲಿ ಇಪ್ಪತ್ತೆರಡು ವರ್ಷದ ರವೀಂದ್ರನಾಥ ಟ್ಯಾಗೋರರು ಇಲ್ಲಿಗೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಐಸಿಎಸ್ ಪಾಸಾದ ಮೊದಲ ಭಾರತೀಯ, ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಒಂದು ಬೆಳದಿಂಗಳ ರಾತ್ರಿ ಟ್ಯಾಗೋರರು ಪುಟ್ಟ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋದರು. ಬರುವಾಗ ನದಿಯ ಬಾಯಲ್ಲಿ ಇಳಿದು, ಮರಳಿನ ಮೇಲೆ ನಡೆದೇ ಮನೆಗೆ ಬಂದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದೂ ಇಲ್ಲೇ ಇದ್ದಾಗ. ಕಡಲತೀರಕ್ಕೆ ಇಂದು ಅವರದೇ ಹೆಸರು. ಆಗ ಗೋವಾ ಪೋರ್ಚುಗೀಸರದಾಗಿದ್ದು ಬಂಗಾಳಿ ಸಾಹಿತ್ಯದ ಪುಣ್ಯ. ಇಲ್ಲದಿದ್ದರೆ ಜತೆಯಲ್ಲಿ ನಮ್ಮ ಭಾವನಂಥವರೊಬ್ಬರು ಇದ್ದು, ನಾಟಕ ಒಂದನೇ ಅಂಕಕ್ಕೇ ನಿಲ್ಲುತ್ತಿತ್ತು.

ನಾನು ಎಕ್ಸೆಲ್ ಶೀಟು ಅಳಿಸಿ ನನ್ನದೇ ಪ್ಲಾನು ಬರೆದೆ. ಸಾಯಂಕಾಲ ಟ್ಯಾಗೋರ್ ಕಡಲತೀರ. ಅಲ್ಲಿ ಮರಳಿನ ಪಕ್ಕ ಐಎನ್‌ಎಸ್ ಚಪಲ ಎಂಬ ಸೋವಿಯತ್ ನಿರ್ಮಿತ ಕ್ಷಿಪಣಿ ನೌಕೆಯನ್ನು ವಸ್ತುಸಂಗ್ರಹಾಲಯ ಮಾಡಿ ನಿಲ್ಲಿಸಿದ್ದಾರೆ. ಹೊರಗಿನಿಂದ ನೋಡಿದರೆ ದೊಡ್ಡ ಹಡಗು. ಒಳಗೆ ಹೋದರೆ ತಲೆ ಬಗ್ಗಿಸದೆ ನಡೆಯಲಾಗದು, ಅಷ್ಟು ಇಕ್ಕಟ್ಟು. ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿನ ಬಗ್ಗೆ ಗೊಣಗುವವರು ಒಮ್ಮೆ ನೋಡಬೇಕು.

ಮರುದಿನ ಸದಾಶಿವಗಡ. ಸೋದೆಯ ಅರಸ ಬಸವಲಿಂಗ ತನ್ನ ತಂದೆಯ ಹೆಸರಲ್ಲಿ ಕಟ್ಟಿಸಿದ ಕೋಟೆ. ಹೆದ್ದಾರಿಗಾಗಿ ಆ ಗುಡ್ಡವನ್ನೇ ಕಡಿದಿದ್ದಾರೆ, ಕೋಟೆಯಲ್ಲಿ ಉಳಿದಿರುವುದು ಕಡಿಮೆ. ಆದರೆ ಮೇಲಿಂದ ಕಾಳಿಯ ಸಂಗಮ ಪೂರ್ತಿ ಕಾಣುತ್ತದೆ. ಎರಡು ಸೇತುವೆಗಳಲ್ಲಿ ಹಳೆಯದು 2024ರ ಆಗಸ್ಟ್ 7ರ ನಡುರಾತ್ರಿಯಲ್ಲಿ ಕುಸಿದುಬಿತ್ತು. ಲಾರಿಯೊಂದು ನೀರುಪಾಲಾಯಿತು, ಚಾಲಕನನ್ನು ಬದುಕಿಸಿ ಮೇಲೆ ತಂದರು.

ಆಮೇಲೆ ಮಾಜಾಳಿಯ ಬಳಿಯ ತಿಳಮಾತಿ. ಒಂದು ಸಣ್ಣ ಗುಡ್ಡ ಹತ್ತಿ ಇಳಿಯಬೇಕು, ಬೆಟ್ಟದ ಪಕ್ಷಕ್ಕೆ ಅಷ್ಟು ಸಾಕು. ಇಳಿದರೆ ಮರಳೆಲ್ಲ ಕರಿ ಎಳ್ಳು ಹರವಿದಂತೆ. ಮುಷ್ಟಿ ತುಂಬಿ ಬಿಟ್ಟರೆ ಕಾಳುಕಾಳಾಗಿ ಉದುರುತ್ತದೆ, ಕೈಗೆ ಅಂಟುವುದಿಲ್ಲ. ಅಂಗಡಿ ಇಲ್ಲ, ಸಂಗೀತವಿಲ್ಲ. ಭಾವ ಫೋಟೋ ನೋಡಿ ‘ಅಲ್ಲಿ ಮಾಡೋದೇನು?’ ಎಂದು ಕೇಳಿದರು. ಏನೂ ಮಾಡೋದಿಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅತ್ತೆಯವರಿಗೆ ಕೂರ್ಮಗಡ ದ್ವೀಪದ ನರಸಿಂಹನನ್ನು ತೋರಿಸಿದೆ. ಜನವರಿಯ ಜಾತ್ರೆಗೆ ಭಕ್ತರು ದೋಣಿಯಲ್ಲೇ ಹೋಗುತ್ತಾರೆ. ‘ದೋಣಿ ಅಲ್ಲಾಡುತ್ತಾ?’ ಎಂದು ಕೇಳಿದರು. ಸಮುದ್ರ ಅಂದಮೇಲೆ ಅಲ್ಲಾಡುತ್ತದೆ ಎಂದೆ. ‘ಹಾಗಾದರೆ ದಡದಿಂದಲೇ ಕೈ ಮುಗಿದರಾಯ್ತು ಬಿಡಿ’ ಎಂದರು. ಗೋಕರ್ಣ ತಾನಾಗಿಯೇ ಬಿದ್ದುಹೋಯಿತು.

ನೀವೂ ಹೊರಡುವವರಿದ್ದರೆ ನನ್ನದೊಂದು ವಿನಂತಿ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ, ರೂಮನ್ನು ಕಾರವಾರದಲ್ಲೇ ಮಾಡಿ, ವಾಟ್ಸಾಪ್ ಗ್ರೂಪು ಮಾತ್ರ ಮಾಡಬೇಡಿ. ಗೋವಾ ಆಗಲೇಬೇಕು ಎನ್ನುವವರಿಗೆ ಯಶವಂತಪುರದಿಂದ ವಾಸ್ಕೋಗೆ ಬೇರೆಯೇ ರೈಲಿದೆ. ಅವರನ್ನು ಅದಕ್ಕೆ ಹತ್ತಿಸಿ, ಕೈ ಬೀಸಿ ಬನ್ನಿ.