ಕೆಂಪು ಗುಲಾಬಿಯ ಜಾತಕ

ಅಂಗಡಿಯ ಉದ್ದ ಕಾಲಿನ ಕೆಂಪು ಗುಲಾಬಿಯನ್ನು ಎಷ್ಟು ಮೂಸಿದರೂ ಫ್ರಿಜ್ಜಿನ ವಾಸನೆಯೇ ಹೆಚ್ಚು. ಗಮ್ಮೆನ್ನುವ ಕಡುಗೆಂಪು ಬೇಕೆಂದರೆ ಹಳೇ ತಳಿಗಳ ಮನೆತನಕ್ಕೇ ಹೋಗಬೇಕು. ಪಾಪಾ ಮೇಯಾಂ, ಮಿಸ್ಟರ್ ಲಿಂಕನ್, ಓಕ್ಲಹೋಮಾ: ಮೂವರೂ 1960ರ ದಶಕದವರು, ಒಡಹುಟ್ಟಿದವರು. ತಾಯಿ ಕ್ರೈಸ್ಲರ್ ಇಂಪೀರಿಯಲ್, ತಂದೆ ಚಾರ್ಲ್ಸ್ ಮಲ್ಲೆರಿನ್. ತಾಯಿಗೆ ಕಾರಿನ ಹೆಸರು! ಹಿರಿಯ ಫ್ರಾನ್ಸಿನವನು, ಇನ್ನಿಬ್ಬರು ಅಮೆರಿಕದವರು. ಜಾತಕ ನೋಡುವ ನಮ್ಮ ಸೋದರತ್ತೆಯರು ಕೂಡಲೇ ಒಪ್ಪಿಬಿಡುವಂಥ ಕುಟುಂಬ.

ಪಾಪಾ ಮೇಯಾಂ ಕಪ್ಪಿಗೆ ತಿರುಗುವ ಮಖಮಲ್ಲು ಕೆಂಪು, ಪರಿಮಳಕ್ಕೆ ಸಾಟಿಯಿಲ್ಲ. ಆದರೆ ಮೈ ನಾಜೂಕು. ಥಂಡಿಗೆ ಎಲೆ ತುಂಬ ಬೂದಿ ರೋಗ, ಮಧ್ಯಾಹ್ನದ ಬಿಸಿಲಿಗೆ ಎಸಳಿನ ಅಂಚು ಸೀದು ಕರಿ. ಬೆಳಗಿನ ಬಿಸಿಲು ಬಿದ್ದು, ಮಧ್ಯಾಹ್ನ ನೆರಳಾಗುವ ಜಾಗ ಹುಡುಕಿ ಕೂರಿಸಬೇಕು. ಮನೆಯ ಹಿರಿಯರಿಗೂ ನಾವು ಇಷ್ಟು ಮಾಡುವುದಿಲ್ಲ.

ನನ್ನ ಓಟು ಲಿಂಕನ್ನನಿಗೆ. ನೆಟ್ಟಗೆ ಆಳೆತ್ತರ ಬೆಳೆದು ತುದಿಯಲ್ಲಿ ಹೂ ಬಿಡುತ್ತಾನೆ. ಮೂಸಲು ಸ್ಟೂಲು ಬೇಕು, ನಿಜ. ಆದರೆ ವಾಕಿಂಗ್ ನೆಪದಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ಬರುವ ದೈವಭಕ್ತರಿಗೆ ಎಟುಕುವುದಿಲ್ಲವಲ್ಲ! ಮೊನ್ನೆ ಅವರಲ್ಲೊಬ್ಬರು ಗೇಟಿನ ಬಳಿ ನಿಂತು ನನ್ನನ್ನೇ ಕೇಳಿದರು: "ಸಾರ್, ದೋಟಿ ಇದ್ಯಾ?"